‘ಸ್ಟಮಕ್’ ಎಂದರೆ ನಿಮ್ಮ ಲೆಕ್ಕದಲ್ಲಿ ಎಲ್ಲಿ?

‘ಸ್ಟಮಕ್ ಪೇನ್ ಡಾಕ್ಟ್ರೇ’ ಎನ್ನುತ್ತ ಒಳಗೆ ಬರುವವರನ್ನು ‘ಎಲ್ಲಿ, ಕೈಯಿಟ್ಟು ತೋರಿಸಿ’ ಎಂದು ಕೇಳಿದರೆ ಒಬ್ಬರ ಕೈ ಹೊಕ್ಕುಳಿನ ಸುತ್ತ ತಿರುಗುತ್ತದೆ. ಇನ್ನೊಬ್ಬರದು ಕಿಬ್ಬೊಟ್ಟೆಗೆ ಇಳಿಯುತ್ತದೆ. ಮತ್ತೊಬ್ಬರ ಕೈ ಎದೆಯ ನಡುವೆ ಬಂದು ನಿಲ್ಲುತ್ತದೆ. ಮೂವರೂ ಹೇಳಿದ ಪದ ಒಂದೇ. ಆದರೆ ಮೊದಲನೆಯವರಿಗೆ ಕರುಳಿನ ಸೋಂಕು, ಎರಡನೆಯವರಿಗೆ ಮೂತ್ರಕೋಶದ ತೊಂದರೆ, ಮೂರನೆಯವರಿಗೆ ಹೃದಯದ ಕಾಯಿಲೆ ಇರಬಹುದು. ಇದು ಬರಿಯ ಭಾಷೆಯ ವಿಚಾರವಾಗಿದ್ದರೆ ಆರೋಗ್ಯದ ಅಂಕಣದಲ್ಲಿ ಇದಕ್ಕೆ ಜಾಗ ಬೇಕಿರಲಿಲ್ಲ. ಕೆಲವೊಮ್ಮೆ ಪದದ ಈ ಗೊಂದಲ ಜೀವಕ್ಕೇ ಎರವಾಗುತ್ತದೆ.

ವೈದ್ಯರ ಭಾಷೆಯಲ್ಲಿ ಸ್ಟಮಕ್ ಎಂದರೆ ಜಠರ ಮಾತ್ರ. ಅದು ಹೊಟ್ಟೆಯ ಮೇಲ್ಭಾಗದಲ್ಲಿ, ಹೆಚ್ಚಾಗಿ ಎಡಕ್ಕೆ, ಪಕ್ಕೆಲುಬುಗಳ ಮರೆಯಲ್ಲಿರುವ ಒಂದು ಚೀಲ. ಊಟವಾದ ಮೇಲೆ ಸಾಮಾನ್ಯವಾಗಿ 1ರಿಂದ 1.5 ಲೀಟರ್‌ವರೆಗೆ ಹಿಡಿಯುತ್ತದೆ. ಆದರೆ ನಾವು ‘ಹೊಟ್ಟೆ’ ಎನ್ನುವುದು ಎದೆಯ ಕೆಳಗಿನಿಂದ ತೊಡೆಯ ಸಂದಿನವರೆಗಿನ ಇಡೀ ಪ್ರದೇಶವನ್ನು. ಯಕೃತ್ತು, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಕರುಳು, ಅಪೆಂಡಿಕ್ಸ್, ಹೆಂಗಸರಲ್ಲಿ ಗರ್ಭಕೋಶ, ಎಲ್ಲವೂ ಅಲ್ಲಿಯೇ ಇವೆ. ಶಾಲೆಯಲ್ಲಿ ‘ಹೊಟ್ಟೆ ಎಂದರೆ ಸ್ಟಮಕ್’ ಎಂದು ಬಾಯಿಪಾಠ ಮಾಡಿದ ನಾವು ಊರಿಗೂ ಮನೆಗೂ ಒಂದೇ ಹೆಸರಿಟ್ಟಂತಾಗಿದೆ. ಇಂಗ್ಲಿಷ್ ಮಾತೃಭಾಷೆಯವರೂ ಇದೇ ತಪ್ಪು ಮಾಡುತ್ತಾರೆ ಎನ್ನುವುದಷ್ಟೇ ಸಮಾಧಾನ.

ಈ ಪದದ ಇತಿಹಾಸವೇ ಜಾರುವ ಇತಿಹಾಸ. ಗ್ರೀಕ್ ಭಾಷೆಯಲ್ಲಿ ‘ಸ್ಟೊಮಾ’ ಎಂದರೆ ಬಾಯಿ. ಎಲೆಗಳಲ್ಲಿರುವ ಪತ್ರರಂಧ್ರಗಳಿಗೆ ‘ಸ್ಟೊಮಾಟಾ’ ಎನ್ನುವುದನ್ನು ನಿಮ್ಮ ಮಕ್ಕಳು ವಿಜ್ಞಾನದ ಪಾಠದಲ್ಲಿ ಓದಿರುತ್ತಾರೆ. ಅದೂ ಇದೇ ಪದ. ಅದರಿಂದ ಹುಟ್ಟಿದ ‘ಸ್ಟೊಮಾಖೋಸ್’ ಎಂಬುದಕ್ಕೆ ಹೋಮರನ ‘ಇಲಿಯಡ್’ನಲ್ಲಿ ಗಂಟಲು ಎಂದರ್ಥ. ಮುಂದೆ ಅದು ಅನ್ನನಾಳವಾಯಿತು, ಆಮೇಲೆ ಜಠರದ ಬಾಯಿಯಾಯಿತು, ಕಡೆಗೆ ಜಠರವೇ ಆಯಿತು. ಲ್ಯಾಟಿನ್ ಮತ್ತು ಫ್ರೆಂಚ್ ಮೂಲಕ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಮೇಲೂ ಅದು ಸುಮ್ಮನಿರಲಿಲ್ಲ. ಇಡೀ ಹೊಟ್ಟೆಗೆ ಹರಡಿಕೊಂಡಿತು. ಮಕ್ಕಳ ಬಾಯಲ್ಲಿ ‘ಟಮ್ಮಿ’ ಆಯಿತು.

ಅಂಗದ ಹೆಸರಿಗೆ ಭಾವನೆಗಳೂ ಅಂಟಿಕೊಂಡವು. ಲ್ಯಾಟಿನ್‌ನಲ್ಲಿ ಅದಕ್ಕೆ ಸಿಟ್ಟು ಎಂಬ ಅರ್ಥವೂ ಇತ್ತು. ಹಳೆಯ ಇಂಗ್ಲಿಷಿನಲ್ಲಿ ಕೆಚ್ಚು ಎಂಬ ಅರ್ಥವಿತ್ತು. 1588ರಲ್ಲಿ ಸ್ಪೇನಿನ ನೌಕಾಪಡೆ ಏರಿ ಬಂದಾಗ ಮೊದಲನೆಯ ಎಲಿಜಬೆತ್ ರಾಣಿ, ತನ್ನದು ಅಬಲೆಯ ದೇಹವಾದರೂ ಹೃದಯ ಮತ್ತು ಸ್ಟಮಕ್ ರಾಜನವು ಎಂಬರ್ಥದ ಮಾತಾಡಿದಳೆಂಬ ಪ್ರತೀತಿ ಇದೆ. ನಮ್ಮಲ್ಲೂ ಹೊಟ್ಟೆಗೆ ಕೆಲಸ ಕಡಿಮೆಯೇನಿಲ್ಲ. ನೆರೆಮನೆಯವರು ಹೊಸ ಕಾರು ತಂದರೆ ಹೊಟ್ಟೆಯುರಿ. ತಪ್ಪಾದರೆ ‘ಹೊಟ್ಟೆಗೆ ಹಾಕಿಕೊಳ್ಳಿ’ ಎನ್ನುತ್ತೇವೆ. ದುಡಿಮೆಯೆಲ್ಲ ಹೊಟ್ಟೆಪಾಡಿಗೆ.

ಇಲ್ಲಿಯವರೆಗೆ ಎಲ್ಲವೂ ವಿನೋದ. ಇನ್ನು ಮುಂದಿನದು ವಿನೋದವಲ್ಲ.

ಗ್ರೀಕರು ಹೃದಯಕ್ಕೆ ‘ಕಾರ್ಡಿಯಾ’ ಎನ್ನುತ್ತಿದ್ದರು. ಅನ್ನನಾಳ ಜಠರವನ್ನು ಸೇರುವ ಜಾಗಕ್ಕೂ ಅದೇ ಹೆಸರು. ಇಂದಿಗೂ ವೈದ್ಯಕೀಯ ಪುಸ್ತಕಗಳಲ್ಲಿ ಜಠರದ ಆ ಭಾಗ ‘ಕಾರ್ಡಿಯಾ’ ಎಂದೇ ಇದೆ. ಜಠರದ ಆಮ್ಲ ಮೇಲೇರಿ ಉರಿಯಾದರೆ ಇಂಗ್ಲಿಷಿನವರು ಹೃದಯದ ಉರಿ ಎಂಬರ್ಥದ ‘ಹಾರ್ಟ್‌ಬರ್ನ್’ ಎನ್ನುತ್ತಾರೆ. ನಾವು ‘ಎದೆಯುರಿ’ ಎನ್ನುತ್ತೇವೆ. ಇಷ್ಟು ಜನ, ಇಷ್ಟು ಭಾಷೆಗಳು ಒಂದೇ ಕಡೆ ಎಡವಿದ್ದಕ್ಕೆ ಕಾರಣ ನಮ್ಮ ದೇಹದಲ್ಲೇ ಇದೆ. ಹೃದಯ ಕೂತಿರುವುದು ವಪೆ ಎಂಬ ತೆಳುವಾದ ಸ್ನಾಯುವಿನ ಮೇಲೆ. ಅದರ ಕೆಳಗೇ ಜಠರ. ಎರಡರ ನೋವೂ ಮಿದುಳಿಗೆ ಹೋಗುವ ನರಮಾರ್ಗಗಳು ಒಂದಕ್ಕೊಂದು ಹತ್ತಿರ. ಆದ್ದರಿಂದ ನೋವು ಯಾವುದರದ್ದೆಂದು ಅನುಭವಿಸುವವರಿಗೇ ತಿಳಿಯುವುದಿಲ್ಲ. ಹೃದಯದ ಕೆಳಭಾಗಕ್ಕೆ ಆಘಾತವಾದಾಗ ಮೇಲ್ಹೊಟ್ಟೆ ನೋವು, ವಾಕರಿಕೆ, ವಾಂತಿ ಮಾತ್ರ ಕಾಣಿಸಿಕೊಳ್ಳುವುದುಂಟು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವು ಅಷ್ಟಾಗಿ ಇಲ್ಲದೆಯೂ ಹೃದಯಾಘಾತವಾಗಬಹುದು.

ದೇಹವೇ ಗೊಂದಲ ಮಾಡುವಾಗ ನಾವು ಅದಕ್ಕೆ ‘ಗ್ಯಾಸ್ಟ್ರಿಕ್’ ಎಂಬ ಇನ್ನೊಂದು ಪದವನ್ನು ಸೇರಿಸಿದ್ದೇವೆ. ಗ್ರೀಕ್‌ನ ‘ಗ್ಯಾಸ್ಟರ್’ ಎಂದರೆ ಹೊಟ್ಟೆ. ಅದರಿಂದ ಬಂದ ಗ್ಯಾಸ್ಟ್ರಿಕ್ ಎಂದರೆ ‘ಜಠರಕ್ಕೆ ಸಂಬಂಧಿಸಿದ’ ಎಂದಷ್ಟೇ ಅರ್ಥ. ಅದು ಕಾಯಿಲೆಯ ಹೆಸರಲ್ಲ. ಕರ್ನಾಟಕದಲ್ಲಿ ಮಾತ್ರ ಅದು ಮನೆಮನೆಯ ಕಾಯಿಲೆ. ‘ಗ್ಯಾಸ್’ ಎಂಬುದು ಅದಕ್ಕೆ ಸಂಬಂಧವಿಲ್ಲದ ಬೇರೆ ಪದವಾದರೂ ಕಿವಿಗೆ ಒಂದೇ ಎನಿಸುವುದರಿಂದ, ಎಲ್ಲ ನೋವಿಗೂ ವಾಯುವೇ ಕಾರಣ ಎಂಬ ನಂಬಿಕೆ ಗಟ್ಟಿಯಾಗಿದೆ. ಈ ಒಂದು ಮಾತಿನ ಅಡಿಯಲ್ಲಿ ಅಲ್ಸರ್, ಪಿತ್ತಕೋಶದ ಕಲ್ಲು, ಹೃದ್ರೋಗ ಎಲ್ಲವೂ ಅಡಗಿ ಕೂರುತ್ತವೆ. ಅಲ್ಸರ್ ಬಹುಪಾಲು ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆಂದು ತೋರಿಸಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ನಾವು ಇನ್ನೂ ‘ಖಾರ ಜಾಸ್ತಿಯಾಯ್ತು, ಗ್ಯಾಸ್ಟ್ರಿಕ್’ ಎನ್ನುತ್ತಿದ್ದೇವೆ.

ಈ ದೃಶ್ಯ ನಿಮ್ಮ ಮನೆಯಲ್ಲೂ ನಡೆದೀತು. ರಾತ್ರಿ ಹನ್ನೊಂದಕ್ಕೆ ಯಜಮಾನರಿಗೆ ಎದೆ ಹಿಂಡಿದಂತಾಗುತ್ತದೆ. ಬೆವರುತ್ತಾರೆ. ‘ಮದುವೆಮನೆ ಊಟ, ಗ್ಯಾಸ್ಟ್ರಿಕ್ ಅಷ್ಟೆ’ ಎಂದು ಅವರೇ ತೀರ್ಪು ಕೊಡುತ್ತಾರೆ. ಓಮದ ಕಷಾಯ ಬರುತ್ತದೆ, ಸೋಡಾ ಬರುತ್ತದೆ. ಒಂದು ತೇಗು ಬಂದರೆ ಮನೆಮಂದಿಗೆಲ್ಲ ನೆಮ್ಮದಿ. ಆದರೆ ತೇಗು ಬಂದ ಮಾತ್ರಕ್ಕೆ, ಮಾತ್ರೆಯಿಂದ ಸ್ವಲ್ಪ ಹಾಯೆನಿಸಿದ ಮಾತ್ರಕ್ಕೆ ಅದು ಹೃದಯದ ನೋವಲ್ಲ ಎಂದಾಗುವುದಿಲ್ಲ. ರಕ್ತ ಸಿಗದ ಹೃದಯದ ಸ್ನಾಯು ಅಷ್ಟರಲ್ಲಿ ಸಾಯತೊಡಗಿರುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದಾಗಲಿ, ಆಂಜಿಯೋಪ್ಲಾಸ್ಟಿಯಾಗಲಿ, ತಡವಾದಷ್ಟೂ ಪ್ರಯೋಜನ ಕಡಿಮೆ.

ತಪ್ಪೆಲ್ಲ ನಿಮ್ಮದೇ ಎಂದು ಹೇಳುತ್ತಿಲ್ಲ. ಈ ಪದವನ್ನು ನಿಮಗೆ ಕಲಿಸಿದವರು ನಾವು, ವೈದ್ಯರು. ಸರದಿ ಉದ್ದವಿರುವಾಗ ‘ಏನಿಲ್ಲ, ಗ್ಯಾಸ್ಟ್ರಿಕ್’ ಎಂದು ಚೀಟಿ ಬರೆದು ಕಳಿಸುವುದು ಸುಲಭ. ಕೇಳಿದವರಿಗೂ ಅದು ಹಿತವಾದ ಮಾತು. ವೈದ್ಯರು ಹೀಗೆಂದರೆ ‘ಜಠರಕ್ಕೆ ಏನಾಗಿದೆ? ಹೃದಯದ್ದಲ್ಲ ಎಂದು ಹೇಗೆ ಗೊತ್ತಾಯಿತು?’ ಎಂದು ವಿನಯದಿಂದಲೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಹಾಗಾದರೆ ಪ್ರತಿ ಎದೆಯುರಿಗೂ ಇ.ಸಿ.ಜಿ. ಮಾಡಿಸಬೇಕೇ ಎಂದು ನೀವು ಕೇಳಬಹುದು. ಬೇಡ. ಊಟವಾದ ಮೇಲೆ ಅಥವಾ ಮಲಗಿದಾಗ ಮಾತ್ರ ಬರುವ, ಹುಳಿತೇಗಿನ ಜೊತೆಗಿನ, ವರ್ಷಗಳಿಂದ ಪರಿಚಿತವಾದ ಉರಿಯನ್ನು ಹಗಲಿನಲ್ಲಿ ಹೋಗಿ ತೋರಿಸಿದರೆ ಸಾಕು. ಆದರೆ ಹೊಸದಾಗಿ ಬಂದ ನೋವು, ಎದೆ ಬಿಗಿತ ಅಥವಾ ಭಾರ, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ, ತೋಳಿಗೋ ದವಡೆಗೋ ಹಬ್ಬುವ ನೋವು, ಮೆಟ್ಟಿಲು ಹತ್ತಿದರೆ ಬಂದು ಕೂತರೆ ಹೋಗುವ ಹಿಂಸೆ, ಇವುಗಳಲ್ಲಿ ಯಾವುದಿದ್ದರೂ ಕಷಾಯಕ್ಕೆ ಒಲೆ ಹಚ್ಚಬೇಡಿ. ತಾನಾಗಿ ಹೋಗುವ ನೋವಾದರೆ ಅಂದೇ ವೈದ್ಯರನ್ನು ಕಾಣಿ. ಉಳಿದವಕ್ಕೆ ತಕ್ಷಣ 108ಕ್ಕೆ ಕರೆ ಮಾಡಿ. ರೋಗಿಯೇ ಸ್ಕೂಟರು ಓಡಿಸಿಕೊಂಡು ಹೋಗಬಾರದು. ಮೊದಲ ಇ.ಸಿ.ಜಿ. ಸರಿಯಿದ್ದರೂ ಸಂಶಯವಿದ್ದರೆ ಮತ್ತೊಮ್ಮೆ ತೆಗೆಯುತ್ತಾರೆ, ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ. ಬೇಸರಪಡದೆ ಕಾಯಿರಿ.

ವೈದ್ಯರ ಮುಂದೆ ಕೂತಾಗ ಇಂಗ್ಲಿಷ್ ಪದ ಹುಡುಕಬೇಡಿ. ಕಾಯಿಲೆಗೆ ಹೆಸರಿಡುವ ಕೆಲಸ ವೈದ್ಯರಿಗೆ ಬಿಡಿ. ನೀವು ಬೆರಳಿಟ್ಟು ಜಾಗ ತೋರಿಸಿ. ಉರಿಯೋ, ಹಿಂಡುವುದೋ, ಚುಚ್ಚುವುದೋ, ಮುರಿಯುವುದೋ ಎಂಬುದನ್ನು ನಿಮ್ಮ ಮನೆಮಾತಿನಲ್ಲೇ ಹೇಳಿ. ಯಾವಾಗ ಶುರುವಾಯಿತು, ಏನು ಮಾಡಿದರೆ ಹೆಚ್ಚುತ್ತದೆ ಎಂದು ಹೇಳಿ. ನೋವಿಗೆ ಕನ್ನಡದಲ್ಲಿರುವಷ್ಟು ಪದಗಳು ‘ಪೇನ್’ ಎಂಬ ಒಂದು ಶಬ್ದದಲ್ಲಿಲ್ಲ. ಅವು ಅಜ್ಜಿಯಿಂದ ನಿಮಗೆ ಬಂದಿವೆ. ರೋಗ ಕಂಡುಹಿಡಿಯಲು ನಮಗೆ ಮೊದಲು ಬೇಕಾಗುವುದೂ ಅವೇ.