ಮಗು ಅಳಲಿ, ಮೊಬೈಲ್ ಬೇಡ

ಬಲಿಪೂಜೆಯ ನಡುವೆ ಮಗು ಅತ್ತರೆ ಸಾಕು, ಅದರ ಕೈಗೆ ಮೊಬೈಲ್ ಬರುತ್ತದೆ. ತಾಯಂದಿರನ್ನು ದೂರಬೇಡಿ, ಮುಂದಿನ ಬೆಂಚಿನಿಂದ ತಿರುಗಿ ದುರುಗುಟ್ಟಿ ನೋಡುವವರಿಗೆ ಹೆದರಿಯೇ ಅವರು ಕೊಡುವುದು.

2 ವರ್ಷದೊಳಗಿನ ಮಕ್ಕಳಿಗೆ ಮೊಬೈಲ್, ಟಿವಿ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಮಕ್ಕಳು ಕೊಂಕಣಿ ಜಪ ಕಲಿಯುವುದು ಅಜ್ಜಿಯ ಮಡಿಲಲ್ಲಿ ಕೂತು, ಕೇಳಿ ಕೇಳಿ. ಕಿವಿ ಕಾರ್ಟೂನಿನಲ್ಲಿದ್ದರೆ ಕಲಿಯುವುದೆಲ್ಲಿ?

ಮಾರ್ಕನ ಶುಭಸಂದೇಶದ 10ನೇ ಅಧ್ಯಾಯ ಓದಿ. ಯೇಸು ಸಿಟ್ಟಾದದ್ದು ಮಕ್ಕಳ ಮೇಲಲ್ಲ, ಅವರನ್ನು ಕರೆತಂದವರನ್ನು ಗದರಿಸಿದ ಶಿಷ್ಯರ ಮೇಲೆ.

ಯುವಜನರೇ, ಈ ಭಾನುವಾರ ಮಗು ಅತ್ತರೆ ತಿರುಗಿ ನೋಡಬೇಡಿ. ಆ ತಾಯಿ ಒಪ್ಪಿದರೆ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಒಂದು ಸುತ್ತು ಹಾಕಿ ಬನ್ನಿ. ಅದೂ ಸೇವೆಯೇ.