ಕ್ರೀಡಾ ವಿಶ್ವವಿದ್ಯಾಲಯಕ್ಕೆ ಮೊದಲು ಒಬ್ಬ ಪಿ.ಟಿ. ಮೇಷ್ಟ್ರು

ಗೆ,
ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ರಾಜ್ಯಕ್ಕೊಂದು ಕ್ರೀಡಾ ವಿಶ್ವವಿದ್ಯಾಲಯ, ಮಲೆನಾಡಿನ ಶಾಲೆಗಳ ದೈಹಿಕ ಶಿಕ್ಷಕರು ಮತ್ತು ಮಳೆಗಾಲದ ಕ್ರೀಡಾಕೂಟದ ಬಗ್ಗೆ

ಮಾನ್ಯರೇ,

ಕನ್ನಡಕ್ಕೆ ಹಂಪಿಯಲ್ಲಿ, ಸಂಗೀತಕ್ಕೆ ಮೈಸೂರಿನಲ್ಲಿ, ಜಾನಪದಕ್ಕೆ ಗೊಟಗೋಡಿಯಲ್ಲಿ, ಕಾನೂನಿಗೆ ಹುಬ್ಬಳ್ಳಿಯಲ್ಲಿ, ತೋಟಗಾರಿಕೆಗೆ ಬಾಗಲಕೋಟೆಯಲ್ಲಿ ಒಂದೊಂದು ವಿಶ್ವವಿದ್ಯಾಲಯ ಕಟ್ಟಿದ ರಾಜ್ಯ ನಮ್ಮದು. ನಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೂ ಕೃಷಿ ಮತ್ತು ತೋಟಗಾರಿಕೆಯದ್ದೊಂದು ಇದೆ. ಆಟಕ್ಕೆ ಮಾತ್ರ ಇನ್ನೂ ಇಲ್ಲ. ಆಗುತ್ತದೆ, ಆಗಲೇಬೇಕು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಆಗಲಿ, ಸಂತೋಷ. ಆದರೆ ಎಕರೆಗಟ್ಟಲೆ ಜಾಗ ಹುಡುಕುವ ಮೊದಲು, ಇಂಥ ವಿಶ್ವವಿದ್ಯಾಲಯಗಳು ಬೇರೆ ಕಡೆ ಹೇಗೆ ಹುಟ್ಟಿದವು ಎಂಬುದನ್ನು ತಮ್ಮ ಅಧಿಕಾರಿಗಳು ಒಮ್ಮೆ ತಿರುವಿ ನೋಡಲಿ ಎಂದು ಈ ಪತ್ರ.

ತಮಿಳುನಾಡು 2004ರಲ್ಲಿ ಕಾಯ್ದೆ ಮಾಡಿ ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಶ್ವವಿದ್ಯಾಲಯ ತೆರೆಯಿತು. ಈಗ ಅದು ಚೆನ್ನೈ ಹೊರವಲಯದ ಮೇಲಕೋಟೈಯೂರಿನಲ್ಲಿದೆ. ಅದರ ಬೇರು ಮಾತ್ರ 1920ರಷ್ಟು ಹಿಂದಿನದು. ಆ ವರ್ಷ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ಮದ್ರಾಸಿನ ವೈಎಂಸಿಎಯಲ್ಲಿ ದೈಹಿಕ ಶಿಕ್ಷಣದ ಕಾಲೇಜು ಶುರುಮಾಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತ ತಂಡವನ್ನು ಕರೆದುಕೊಂಡು ಹೋದವರೂ ಅವರೇ. ಆದರೆ ಕಾಲೇಜಿನ ನಿತ್ಯದ ಕೆಲಸ ಒಲಿಂಪಿಕ್ಸ್ ಆಗಿರಲಿಲ್ಲ. ಶಾಲೆಗಳಿಗೆ ಡ್ರಿಲ್ ಮಾಸ್ಟರರನ್ನು ತಯಾರು ಮಾಡಿ ಕಳಿಸುವುದಾಗಿತ್ತು. ಎಂಬತ್ತು ಚಿಲ್ಲರೆ ವರ್ಷ ಮೇಷ್ಟ್ರುಗಳನ್ನು ಬೆಳೆಸಿದ ನೆಲದ ಮೇಲೆ ವಿಶ್ವವಿದ್ಯಾಲಯ ನಿಂತಿತು.

ಗ್ವಾಲಿಯರಿನದ್ದೂ ಇದೇ ಕಥೆ. 1857ರ ಹೋರಾಟಕ್ಕೆ ನೂರು ವರ್ಷ ತುಂಬಿದ 1957ರಲ್ಲಿ, ಝಾನ್ಸಿ ರಾಣಿ ಪ್ರಾಣಬಿಟ್ಟ ಆ ಊರಿನಲ್ಲಿ, ಅವಳ ಹೆಸರಿನಲ್ಲೇ ಕೇಂದ್ರ ಸರ್ಕಾರ ದೈಹಿಕ ಶಿಕ್ಷಣ ಕಾಲೇಜು ತೆರೆಯಿತು. ಅದು ಡೀಮ್ಡ್ ವಿಶ್ವವಿದ್ಯಾಲಯ ಆದದ್ದು 1995ರಲ್ಲಿ. ನಡುವಿನ 38 ವರ್ಷ ಅಲ್ಲಿಂದ ಹೊರಬಿದ್ದವರು ಮುಖ್ಯವಾಗಿ ಶಿಕ್ಷಕರು.

ಮಣಿಪುರದ ದಾರಿ ಬೇರೆ. 2014ರ ಕೇಂದ್ರ ಬಜೆಟ್ಟಿನಲ್ಲಿ ಅಲ್ಲಿಗೆ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯ ಘೋಷಣೆಯಾಯಿತು, ಕಾಯ್ದೆ ಬಂದದ್ದು 2018ರಲ್ಲಿ. ಸ್ವಂತ ಕಟ್ಟಡ ಏಳುವ ತನಕ ಕಾಯದೆ ಇಂಫಾಲದ ಖುಮನ್ ಲಂಪಾಕ್ ಕ್ರೀಡಾಂಗಣದಲ್ಲೇ ಪಾಠ ಶುರುವಾಯಿತು. ನನಗೆ ಹಿಡಿಸಿದ್ದು ಜಾಗದ ಆಯ್ಕೆ. ದೆಹಲಿಯಲ್ಲಿ ಕೂತು ದೆಹಲಿಗೇ ಇಟ್ಟುಕೊಳ್ಳಲಿಲ್ಲ; ಕುಂಜರಾಣಿ, ಮೇರಿ ಕೋಮ್, ಮೀರಾಬಾಯಿ ಚಾನು ಹುಟ್ಟಿದ ಗುಡ್ಡಗಾಡಿನ ರಾಜ್ಯಕ್ಕೆ ಕೊಟ್ಟರು. ಬೆಂಗಳೂರಿನ ಆಚೆಗೆ ನಕ್ಷೆ ಬಿಡಿಸಲು ಬೇಸರ ಪಡುವ ನಮ್ಮವರು ಇದನ್ನಾದರೂ ಗಮನಿಸಬೇಕು.

ಇನ್ನು ನಮ್ಮ ಅಳಲು.

ಮಲೆನಾಡಿನವರಿಗೆ ಆಟದ ಹುಚ್ಚಿಲ್ಲ ಎಂದುಕೊಳ್ಳಬೇಡಿ. ಅಡಿಕೆ ಕೊಯ್ಲು ಮುಗಿದು ಗದ್ದೆ ಒಣಗಿತೋ ಇಲ್ಲವೋ, ನಮ್ಮೂರು ಅರಳಸುರಳಿಯ ಸುತ್ತಮುತ್ತ ಹೊನಲು ಬೆಳಕಿನ ವಾಲಿಬಾಲ್, ಕಬಡ್ಡಿ ಪಂದ್ಯಾವಳಿಯ ಬ್ಯಾನರುಗಳು ನೇತಾಡತೊಡಗುತ್ತವೆ. ಊರ ಹುಡುಗರೇ ಚಂದಾ ಎತ್ತಿ, ಗದ್ದೆ ಸಮ ಮಾಡಿ, ರಾತ್ರಿಯಿಡೀ ಆಡಿಸುತ್ತಾರೆ. ಕೊಡಗಿನವರೂ ಜಾಣರು. 1997ರಿಂದ ನಡೆಸಿಕೊಂಡು ಬಂದಿರುವ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಬೇಸಿಗೆಯಲ್ಲೇ ಮುಗಿಸುತ್ತಾರೆ. ಮಳೆ ಗೊತ್ತಿರುವವರ ವೇಳಾಪಟ್ಟಿ ಹೀಗಿರುತ್ತದೆ.

ಸರ್ಕಾರದ ವೇಳಾಪಟ್ಟಿಗೆ ಮಳೆ ಗೊತ್ತಿಲ್ಲ. ಶಾಲೆಗಳ ವಲಯ ಮಟ್ಟ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಸರಿಯಾಗಿ ಆಗಸ್ಟ್ ಆಸುಪಾಸಿನಲ್ಲೇ ಬರುತ್ತವೆ. ಬಯಲುಸೀಮೆಗೆ ಅದು ಸರಿ. ಆದರೆ ಮಳೆಗೆ ಹೆಸರಾದ ಆಗುಂಬೆ ಇರುವುದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಹುಲಿಕಲ್ ಪಕ್ಕದ ಹೊಸನಗರದಲ್ಲಿ. ಆ ತಿಂಗಳು ಇಲ್ಲಿ ಮೈದಾನ ಎಂಬುದು ಕೆಸರುಗದ್ದೆ. ಮಗನ ಜೊತೆ ಅಂಥದೊಂದು ಕೂಟಕ್ಕೆ ಹೋಗಿದ್ದೆ. ಸುಣ್ಣದ ಗೆರೆ ಹೀಟ್ಸ್ ಮುಗಿಯುವ ಮೊದಲೇ ತೊಳೆದುಹೋಯಿತು. ಯಾರೋ ಸಾಮಿಲ್ಲಿಗೆ ಓಡಿ ಮೂಟೆ ಮರದ ಹೊಟ್ಟು ತಂದು ಗೆರೆ ಎಳೆದರು, ಅದೂ ಅರ್ಧ ತಾಸಿನಲ್ಲಿ ತೇಲಿತು. ಉದ್ದಜಿಗಿತದ ಹೊಂಡದಲ್ಲಿ ಮರಳಿನ ಮೇಲೆ ಗೇಣು ನೀರು. ಬಕೆಟಿನಲ್ಲಿ ಮೊಗೆದು ಚೆಲ್ಲಿ ಒಬ್ಬೊಬ್ಬರನ್ನು ಹಾರಿಸಿದರು. ಮೂರನೇ ಜಿಗಿತ ಕೊಡಲು ಹೊತ್ತಿರಲಿಲ್ಲ, ಕಡೆಯ ಬಸ್ಸಿಗೆ ಮಕ್ಕಳನ್ನು ಹತ್ತಿಸಬೇಕಿತ್ತು. ಬರಿಗಾಲಲ್ಲಿ ಓಡಿದ ಒಬ್ಬ ಹುಡುಗಿ ತಿರುವಿನಲ್ಲಿ ಜಾರಿ ಬಿದ್ದು, ಜಂಬಿಟ್ಟಿಗೆ ಚೂರು ಮೊಣಕಾಲಿಗೆ ಕೂತಿತು. ಆ ವರ್ಷದ ಅವಳ ಕ್ರೀಡಾ ಜೀವನ ಅಲ್ಲಿಗೆ ಮುಗಿಯಿತು.

ಸೀಟಿ ಊದುತ್ತಿದ್ದವರು ಒಂದು ಶಾಲೆಯ ವಿಜ್ಞಾನದ ಮೇಡಂ. ಅವರ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಿಲ್ಲ. (ಮೇಡಂ ಬಗ್ಗೆ ದೂರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊಡೆ ಬಿಸಾಡಿ, ದಿನವಿಡೀ ನಿಂತವರು ಅವರೊಬ್ಬರೇ.) ಯಾಕಿಲ್ಲ ಎಂದರೆ ಲೆಕ್ಕ ಸುಲಭ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆದರೆ ಆರರಿಂದ ಎಂಟನೇ ತರಗತಿಗೆ ದೈಹಿಕ ಶಿಕ್ಷಣದ ಬೋಧಕರನ್ನು, ಅದೂ ಅರೆಕಾಲಿಕವಾಗಿ, ಕೊಡಬೇಕೆನ್ನುವುದು ಮಕ್ಕಳು ನೂರು ದಾಟಿದರೆ ಮಾತ್ರ. ಒಂದು ಗುಡ್ಡಕ್ಕೆ ನಾಲ್ಕು ಮನೆ ಇರುವ ಸೀಮೆಯಲ್ಲಿ ನೂರು ಮಕ್ಕಳನ್ನು ಎಲ್ಲಿಂದ ತರುವುದು? ತಲೆ ಎಣಿಸಿ ಹುದ್ದೆ ಕೊಡುವ ಈ ಕ್ರಮದಲ್ಲಿ ಮಲೆನಾಡು ಎಂದೂ ಪಾಸಾಗುವುದಿಲ್ಲ. ದೈಹಿಕ ಶಿಕ್ಷಕರ ಸಂಘದವರು ವರ್ಷಗಳಿಂದ ದೈಹಿಕ ಶಿಕ್ಷಣದ ಬಗೆಗಿನ ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ಕೇಳುತ್ತಲೇ ಇದ್ದಾರೆ; ಅವರ ಕೂಗಿನ ಜೊತೆ ಪೋಷಕರದ್ದೂ ಸೇರಿಸಿಕೊಳ್ಳಿ.

ಹಾಗಾಗಿ ಕೇಳಿಕೊಳ್ಳುವುದು ಇಷ್ಟು. ಕ್ರೀಡಾ ವಿಶ್ವವಿದ್ಯಾಲಯ ಆಗುವುದಾದರೆ ಅದರ ಮೊದಲ ಕೋರ್ಸು ಹಳ್ಳಿ ಶಾಲೆಯ ಪಿ.ಟಿ. ಮೇಷ್ಟ್ರುಗಳಿಗಾಗಿ ಇರಲಿ, ಪಾಸಾದವರಿಗೆ ಹುದ್ದೆಯೂ ಇರಲಿ. ಮೂರ್ನಾಲ್ಕು ಸಣ್ಣ ಶಾಲೆಗಳನ್ನು ಸೇರಿಸಿ ಒಬ್ಬರನ್ನು ಕೊಟ್ಟರೂ ನಡೆಯುತ್ತದೆ, ಅವರ ಬಸ್ ಚಾರ್ಜು ಕೊಟ್ಟರೆ ಸಾಕು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಿಗೆ ಒಂದಾದರೂ ದೊಡ್ಡ ತಗಡಿನ ಮಾಡು ಹಾಕಿದ ಅಂಕಣ ಬೇಕು. ಸಿಂಥೆಟಿಕ್ ಟ್ರ್ಯಾಕ್ ಆಮೇಲೆ ನೋಡೋಣ, ಮೊದಲು ತಲೆ ಮೇಲೆ ಸೂರು. ದುಡ್ಡೇ ಬೇಡದ ಕೆಲಸವೂ ಒಂದಿದೆ: ನಮ್ಮ ಕಡೆಯ ಕ್ರೀಡಾಕೂಟಗಳನ್ನು ನವೆಂಬರಿಗೆ ತಳ್ಳಿ. ರಾಜ್ಯಮಟ್ಟದ ದಿನಾಂಕಕ್ಕೆ ಹೊಂದುವುದಿಲ್ಲ ಎನ್ನುವಿರಾದರೆ, ಆ ದಿನಾಂಕವನ್ನೇ ಬದಲಿಸಲು ಏನಡ್ಡಿ?

ಶಾಲಾ ಕ್ರೀಡಾಕೂಟ ಶಿಕ್ಷಣ ಇಲಾಖೆಗೆ ಸೇರಿದ್ದು, ನಮ್ಮದಲ್ಲ ಎಂದು ಈ ಪತ್ರವನ್ನು ಅತ್ತ ತಳ್ಳಬೇಡಿ. ಒಂದು ಪ್ರತಿಯನ್ನು ಅವರಿಗೂ ಕಳಿಸಿದ್ದೇನೆ. ಬರುವ ವರ್ಷದ ವೇಳಾಪಟ್ಟಿ ಹೊರಡುವ ಮುಂಚೆ ಉತ್ತರ ಕೊಟ್ಟರೆ ಮಕ್ಕಳಿಗೆ ಅನುಕೂಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪೋಷಕ
ಅರಳಸುರಳಿ, ತೀರ್ಥಹಳ್ಳಿ ತಾಲ್ಲೂಕು

ಪ್ರತಿ: ಮಾನ್ಯ ಶಾಲಾ ಶಿಕ್ಷಣ ಸಚಿವರು, ಬೆಂಗಳೂರು