ತಿದ್ದಿದ ಅಂಕೆಗೆ ಸಾಕ್ಷಿ ಯಾರು?

ಕೈಬರಹದ ಲೆಕ್ಕಪುಸ್ತಕಗಳ ಕಾಲದಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದ್ದಿತು. ನಮೂದು ತಪ್ಪಾದರೆ ಅದನ್ನು ಕೆರೆದು ತೆಗೆಯುವಂತಿರಲಿಲ್ಲ; ಹಳೆಯ ಅಂಕೆಯು ಕಾಣುವಂತೆಯೇ ಅದರ ಮೇಲೊಂದು ಗೆರೆಯೆಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ತಿದ್ದಿದವನು ರುಜು ಹಾಕಬೇಕಾಗಿದ್ದಿತು. ಎಲ್ಲರೂ ಇದನ್ನು ಪಾಲಿಸುತ್ತಿದ್ದರೆಂದು ನಾವು ಹೇಳಲಾರೆವು. ಆದರೆ ಕೆರೆದ ಕಡೆ ಕಾಗದವು ತೆಳುವಾಗಿ ತಾನೇ ಸಾಕ್ಷಿ ನುಡಿಯುತ್ತಿದ್ದಿತು.

ಗಣಕಯಂತ್ರದಲ್ಲಿ ಕಾಗದವಿಲ್ಲ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ, 2000ದ ಆಸುಪಾಸಿನ ವರ್ಷಗಳಲ್ಲಿ, ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿಗಳು ಗಣಕಕ್ಕೆ ಏರಿದುವು. ಸುಮಾರು 67 ಲಕ್ಷ ರೈತರಿಗೆ ಸೇರಿದ, ಹೆಚ್ಚುಕಡಮೆ 2 ಕೋಟಿ ದಾಖಲೆಗಳು. ಇಂತಹ ದಾಖಲೆಗಳನ್ನು ಸಾಮಾನ್ಯವಾಗಿ ಕೋಷ್ಟಕಗಳ ರೂಪದ ದತ್ತಸಂಚಯದಲ್ಲಿ ಇಡುತ್ತಾರೆ. ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬಾತನು 1970ರಲ್ಲಿ ಇದರ ತತ್ತ್ವವನ್ನು ಪ್ರಕಟಿಸಿದನು.

ಯಲಹಂಕದ ಬಳಿ ಒಬ್ಬ ರೈತನಿಗೆ 1 ಎಕರೆ 20 ಗುಂಟೆ ಜಮೀನಿದೆಯೆಂದು ಊಹಿಸೋಣ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದ ಮೇಲೆ ಹೆಬ್ಬಾಳದಿಂದ ಉತ್ತರಕ್ಕೆ ನೆಲದ ಬೆಲೆ ಏನಾಯಿತೆಂಬುದನ್ನು ವಾಚಕರು ಬಲ್ಲರು. ಯಾರೋ ಒಬ್ಬನು ಒಂದೇ ಸಾಲಿನ ಆಜ್ಞೆಯಿಂದ ಆ 1ನ್ನು 0 ಮಾಡಿದರೆ 40 ಗುಂಟೆ ಮಾಯವಾಯಿತು. ಹೊಸ ಅಂಕೆಯು ಹಳೆಯದರ ಜಾಗದಲ್ಲಿಯೇ ಕುಳಿತುಕೊಳ್ಳುತ್ತದೆ. ಕೋಷ್ಟಕದಲ್ಲಿ ಗೆರೆಯೂ ಇಲ್ಲ, ರುಜುವೂ ಇಲ್ಲ.

ಹಕ್ಕು ಬದಲಾವಣೆಯ ವಹಿ ಇದೆಯಲ್ಲವೆ ಎಂದು ಕೇಳಬಹುದು. ಇದೆ, ಆದರೆ ಅದು ಕ್ರಮವಾಗಿ ನಡೆದ ಬದಲಾವಣೆಗಳ ವಹಿ. ಕ್ರಮ ತಪ್ಪಿ ನಡೆಸುವವನು ಅದರಲ್ಲೇಕೆ ಬರೆದಾನು? ಕಚೇರಿಯ ತಂತ್ರಾಂಶವು ತಾನೇ ದಿನಚರಿ ಬರೆದಿಟ್ಟರೂ ಅಷ್ಟೆ. ತಂತ್ರಾಂಶವನ್ನು ಮುಟ್ಟದೆ ದತ್ತಸಂಚಯಕ್ಕೇ ನೇರವಾಗಿ ಆಜ್ಞೆ ಕೊಟ್ಟವನ ಕೆಲಸ ಆ ದಿನಚರಿಗೆ ತಿಳಿಯುವುದಿಲ್ಲ. ಆದುದರಿಂದ ಸಾಕ್ಷಿಯು ಕೋಷ್ಟಕದ ಮೈಗೇ ಅಂಟಿಕೊಂಡಿರಬೇಕೆಂಬುದು ನಮ್ಮ ವಾದ.

ಅಂತಹ ಸಾಕ್ಷಿಗೆ ಟ್ರಿಗರ್ ಎಂದು ಹೆಸರು. ಕೋವಿಯ ಕುದುರೆಯನ್ನು ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ; ಹೆಸರೇನೋ ಚೆನ್ನಾಗಿಯೇ ಒಪ್ಪುತ್ತದೆ. ಕೋಷ್ಟಕಕ್ಕೆ ಸಾಲೊಂದು ಸೇರಿದರೆ, ಬದಲಾದರೆ, ಇಲ್ಲವೆ ಅಳಿದರೆ, ಯಾರೂ ಕರೆಯದೆ ಈ ಪುಟ್ಟ ಕ್ರಮವಿಧಿಯು ತಾನಾಗಿ ನಡೆಯುತ್ತದೆ. ತಿದ್ದುಪಡಿಯ ಆ ಗಳಿಗೆಯಲ್ಲಿ ಹಳೆಯ ಸಾಲೂ ಹೊಸ ಸಾಲೂ ಅದರ ಕೈಯಲ್ಲಿರುತ್ತವೆ. ಎರಡನ್ನೂ ವೇಳೆ ಮತ್ತು ಬಳಕೆದಾರನ ಹೆಸರಿನೊಡನೆ ಅದು ಬೇರೊಂದು ಕೋಷ್ಟಕದಲ್ಲಿ ಬರೆದಿಡಬಲ್ಲದು. ತಿದ್ದುಪಡಿಯೂ ಈ ಬರವಣಿಗೆಯೂ ಒಂದೇ ವ್ಯವಹಾರದ ಭಾಗಗಳಾದುದರಿಂದ, ಸಾಕ್ಷಿ ಬರೆಯಲಾಗದಿದ್ದರೆ ತಿದ್ದುಪಡಿಯೂ ರದ್ದಾಗುವಂತೆ ಮಾಡಬಹುದು.

ಪ್ರತಿ ಬದಲಾವಣೆಗೂ ಎರಡು ಬರವಣಿಗೆಯಾಗಿ ಯಂತ್ರವು ನಿಧಾನವಾಗುವುದೆಂಬ ಆಕ್ಷೇಪಣೆಯುಂಟು. ಪಹಣಿಯನ್ನು ಓದುವವರು ಬಹಳ, ತಿದ್ದುವ ಸಂದರ್ಭಗಳು ಕಡಮೆ. ಈ ಆಕ್ಷೇಪಣೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಟ್ರಿಗರ್ ಒಂದನ್ನೇ ನಂಬಿ ನಿದ್ರಿಸುವವರೊಡನೆ ಮಾತ್ರ ನಮಗೆ ಜಗಳವಿದೆ. ಎಲ್ಲ ನೌಕರರೂ ತಂತ್ರಾಂಶದ ಒಂದೇ ಹೆಸರಿನಿಂದ ದತ್ತಸಂಚಯವನ್ನು ಪ್ರವೇಶಿಸಿದರೆ ಟ್ರಿಗರಿಗೆ ಕಾಣುವುದು ಆ ಒಂದೇ ಹೆಸರು. ಕೆಲಸ ಮಾಡಿದವನು ತಾನಲ್ಲವೆನ್ನದಿರಲೆಂದು ‘ಭೂಮಿ’ಯಲ್ಲಿ ನೌಕರನ ಬೆರಳಚ್ಚನ್ನು ಪಡೆಯುವ ಏರ್ಪಾಡು ಮಾಡಿದರು. ಎಲ್ಲಿಯೇ ಆಗಲಿ, ಹೀಗೆ ಗುರುತಿಸಿದ ವ್ಯಕ್ತಿಯ ಹೆಸರು ಟ್ರಿಗರಿನವರೆಗೂ ಹೋಗಿ ಮುಟ್ಟಬೇಕು. ಇನ್ನು ದತ್ತಸಂಚಯದ ಮೇಲಧಿಕಾರವುಳ್ಳ ನಿರ್ವಾಹಕನು ಟ್ರಿಗರನ್ನೇ ನಿಲ್ಲಿಸಬಲ್ಲನು, ಸಾಕ್ಷಿಯ ಕೋಷ್ಟಕವನ್ನೇ ಅಳಿಸಬಲ್ಲನು. ಆದಕಾರಣ ಸಾಕ್ಷಿಯ ನಕಲು ಆಗಿಂದಾಗ್ಗೆ ಬೇರೊಂದು ಕಚೇರಿಯ ಯಂತ್ರಕ್ಕೆ ಹೋಗುತ್ತಿರಬೇಕು. ಅಲ್ಲಿ ಸೇರಿಸುವುದಕ್ಕೆ ಅವಕಾಶವಿರಬೇಕೇ ಹೊರತು ತಿದ್ದುವುದಕ್ಕಲ್ಲ. ಖಾತೆದಾರನು ಕೇಳಿದರೆ, ಅವನ ಸರ್ವೆ ನಂಬರಿಗೆ ಸಂಬಂಧಿಸಿದ ಭಾಗವನ್ನು ಪಹಣಿಯೊಡನೆಯೇ ಮುದ್ರಿಸಿ ಕೊಡಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ. ಅದಕ್ಕೆ ಇನ್ನೊಂದು ಹಾಳೆ ಸಾಕು.